ಅಂಚು ಕಾಣುವ ಊರು

ವೈಟ್‌ಫೀಲ್ಡಿನಲ್ಲಿ ಇರುವವರಿಗೆ ತಮ್ಮ ಊರು ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಕಾಡುಗೋಡಿ ದಾಟಿದರೆ ಹೊಸಕೋಟೆ ಕಡೆಯ ಲೇಔಟುಗಳು, ವರ್ತೂರು ದಾಟಿದರೆ ಸರ್ಜಾಪುರದ ಕಡೆಯವು. ನೀರಿಗೂ ಹೀಗೆಯೇ ಕೊನೆಯಿಲ್ಲ ಎಂದು ನಂಬಿಕೊಂಡಿದ್ದೆವು. ಬೋರ್‌ವೆಲ್ ಬತ್ತಿದರೆ ಇನ್ನಷ್ಟು ಆಳಕ್ಕೆ ಕೊರೆಸು, ಅದೂ ಬತ್ತಿದರೆ ಟ್ಯಾಂಕರ್ ಕರೆಸು. 2024ರ ಮಾರ್ಚ್‌ನಲ್ಲಿ ಆ ನಂಬಿಕೆ ಅಲುಗಾಡಿತು. 5 ಕಿ.ಮೀ. ಒಳಗಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಅದೇ ತಿಂಗಳ 31ರಂದು ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ಇಂಡಿಗೋದ ನೇರ ವಿಮಾನ ಶುರುವಾಯಿತು. ಅಗತ್ತಿಗೆ ಹೋಗಿ ಬಂದಮೇಲೆ ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಲು ನನ್ನಿಂದ ಆಗುತ್ತಿಲ್ಲ.

ಅದು ಎಟಿಆರ್, ಪಂಖ ತಿರುಗುವ ಪುಟ್ಟ ವಿಮಾನ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ನೆಲವೆಲ್ಲ ಕಾಣುತ್ತದೆ. ಘಟ್ಟ ಇಳಿದು ಕರಾವಳಿ ಹಿಂದೆ ಸರಿದಮೇಲೆ ಬಹಳ ಹೊತ್ತು ಬರೀ ಕಡುನೀಲಿ. ಆಮೇಲೆ ತಿಳಿಹಸಿರು ನೀರಿನ ನಡುವೆ ತೆಂಗಿನ ತೋಟದ ಒಂದು ಸಣ್ಣ ಪಟ್ಟಿ. ಅದರ ತುದಿಯಲ್ಲಿ ರನ್‌ವೇ. ಉದ್ದ 1,200 ಮೀಟರಿನ ಆಸುಪಾಸು, ಎರಡೂ ಬದಿಗೆ ಸಮುದ್ರ. 1988ರಲ್ಲಿ ಈ ನಿಲ್ದಾಣ ಆರಂಭವಾದಾಗ ಇಲ್ಲಿಗೆ ಬರುತ್ತಿದ್ದದ್ದು ಇದಕ್ಕಿಂತಲೂ ಚಿಕ್ಕದಾದ ವಾಯುದೂತ್‌ನ ಡಾರ್ನಿಯರ್. ರನ್‌ವೇ ಗಿಡ್ಡವಾದಷ್ಟೂ ವಿಮಾನ ಹೊರಬಲ್ಲ ಭಾರ ಕಡಿಮೆ. ಹಿಂದಿರುಗುವಾಗ ಕೈಚೀಲವನ್ನೂ ತಕ್ಕಡಿಗೆ ಇಡಿಸಿದರು. ಒಬ್ಬರ ಕಿಲೋ ಹೆಚ್ಚಾದರೆ ಇನ್ನೊಬ್ಬರ ಕಿಲೋ ಇಳಿಯಬೇಕು ಎನ್ನುವುದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ವಿಷಯವಾಗಿರಲಿಲ್ಲ.

ನಮಗೆ ಈಗ ಹೊಸದಾಗಿ ಕಾಣುತ್ತಿರುವ ಈ ದ್ವೀಪಗಳು ನಿಜಕ್ಕೂ ನಮ್ಮ ಹಳೆಯ ನೆಂಟರು. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕಂಪನಿ ಸರ್ಕಾರ ಅವನ್ನು ಮಂಗಳೂರಿನಿಂದ ಆಳಿತು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಗತ್ತಿ ಮಲಬಾರಿನ ಕಡೆಗೆ ಸೇರಿತ್ತಾದರೂ, ಮಂಜಿ ಎಂಬ ಹಾಯಿದೋಣಿಗಳಲ್ಲಿ ಕೊಬ್ಬರಿ, ಹುರಿಹಗ್ಗ ತಂದು ಮಂಗಳೂರಿನ ಬಂದರಿನಿಂದ ಅಕ್ಕಿ ಒಯ್ದವರ ನೆನಪು ಅಲ್ಲೂ ಇದೆ. ನಾನು ಉಳಿದುಕೊಂಡ ಮನೆಯ ಹಿರಿಯರು ಆ ಓಡಾಟದಲ್ಲೇ ಕನ್ನಡ ಕಲಿತವರು.

ಅವರ ಹಿತ್ತಿಲಲ್ಲಿ ಒಂದು ಬಾವಿ. ಬಗ್ಗಿದರೆ ಕೈಗೆ ಎಟಕುವುದೇನೋ ಎನ್ನುವಷ್ಟು ಮೇಲೆ ನೀರು. ಬೆಳಿಗ್ಗೆ ಒಂದು ಮಟ್ಟ, ಮಧ್ಯಾಹ್ನ ಇನ್ನೊಂದು. ಸಮುದ್ರದ ಏರಿಳಿತಕ್ಕೆ ತಕ್ಕಂತೆ ಬಾವಿಯೂ ಏರಿಳಿಯುತ್ತದೆ. ಹೊಳೆಯಿಲ್ಲ, ತೊರೆಯಿಲ್ಲ. ಹವಳದ ಮರಳಿನೊಳಗೆ ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಅಷ್ಟೇ. ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು. ನೂರು ವರ್ಷಕ್ಕೂ ಹಿಂದೆ ಗೈಬೆನ್, ಹರ್ಜ್‌ಬರ್ಗ್ ಎಂಬಿಬ್ಬರು ಕಂಡುಕೊಂಡ ಲೆಕ್ಕ ಇದು. ಇದನ್ನೇ ತಿರುಗಿಸಿ ನೋಡಿದರೆ ಹೆದರಿಕೆಯಾಗುತ್ತದೆ. ಮೇಲಿನ ಒಂದು ಅಡಿಯನ್ನು ಎಳೆದುಕೊಂಡರೆ, ಕೆಳಗಿನ ಉಪ್ಪು ಕ್ರಮೇಣ 40 ಅಡಿ ಮೇಲೇರಬಹುದು.

ಹಿರಿಯರು ಕೊಡದಲ್ಲಿ ಸೇದುತ್ತಿದ್ದರು. ಮೋಟರ್ ಯಾಕಿಲ್ಲ ಎಂದು ಕೇಳಿದೆ. “ಇಡಬಹುದು ಸಾರ್. ಹೆಚ್ಚು ಎಳೆದ್ರೆ ಉಪ್ಪು ಬರ್ತದೆ. ನನ್ನ ಬಾವಿಗೆ ಮಾತ್ರ ಅಲ್ಲ, ಪಕ್ಕದವರ ಬಾವಿಗೂ” ಎಂದರು.

ಪಕ್ಕದವರ ಬಾವಿ! ನಮ್ಮಲ್ಲಿ ಈ ಮಾತು ಕೇಳಿ ಎಷ್ಟು ಕಾಲವಾಯಿತು. ವೈಟ್‌ಫೀಲ್ಡಿನ ಕಲ್ಲುನೆಲದಲ್ಲೂ ನೀರು ಬಂಡೆಯ ಬಿರುಕುಗಳಲ್ಲೇ ಹರಿಯುವುದು. ಒಬ್ಬರು ಸಾವಿರ ಅಡಿ ಕೊರೆಸಿದರೆ ಪಕ್ಕದ ಹಳ್ಳಿಯ ಐನೂರು ಅಡಿಯ ಬೋರ್‌ವೆಲ್ ನಿಲ್ಲಬಹುದು. ಆದರೆ ನಿಂತದ್ದು ನಮಗೆ ಕಾಣುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವವರೆಗೂ ಅದು ಯಾರ ಪಾಲಿನದೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರದಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಏರ್ಪಾಡಾಯಿತು. ಬೇಕೇ ಬೇಕಾಗಿದ್ದ ಯೋಜನೆ, ಸಂತೋಷ. ಆದರೂ ಆ ನೀರು ಸುಮಾರು ನೂರು ಕಿ.ಮೀ. ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆ ಏರಿ ಬರುವಂಥದ್ದು. ನಮ್ಮ ಬಾವಿಯ ಅಂಚನ್ನು, ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯವರೆಗೆ ದೂಡಿದ್ದೇವೆ, ಅಂಚು ಇಲ್ಲದಂತಾಗಿಲ್ಲ.

ಅಗತ್ತಿಯವರೆಲ್ಲ ಮಿತಿಯನ್ನು ಮೀರದ ಪುಣ್ಯವಂತರು ಎಂದು ನಾನು ಹೇಳುತ್ತಿಲ್ಲ. ಅಲ್ಲೂ ಪಂಪುಗಳಿವೆ, ಉಪ್ಪಾದ ಬಾವಿಗಳಿವೆ. 2011ರಿಂದ ಸಮುದ್ರದ ನೀರನ್ನು ಸಿಹಿಮಾಡುವ ಘಟಕವೂ ಇದೆ. ಸುತ್ತಲಿನ ಹವಳ 1998, 2010, 2016ರ ಬಿಸಿಗೆ ಬೆಳ್ಳಗಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ದಶಕಗಳಿಂದ ನೀರಿಗಿಳಿದು ಅಳೆದ ಪ್ರಕಾರ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಆ ಬಿಸಿ ದ್ವೀಪದವರು ಹೊತ್ತಿಸಿದ್ದಲ್ಲ, ನಮ್ಮಂಥ ಊರುಗಳದ್ದು. ಪ್ರತಿ ದ್ವೀಪಕ್ಕೂ ತಾಳಿಕೆಯ ಮಿತಿಯಿದೆ, ಅದರೊಳಗೇ ಅಭಿವೃದ್ಧಿಯಾಗಲಿ ಎಂಬುದು ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯ ನಿಲುವಾಗಿತ್ತು. ರನ್‌ವೇ ಉದ್ದವಾಗಬೇಕು ಎನ್ನುವವರು ಆ ಸಮಿತಿಯ ವರದಿಯನ್ನು ಮೊದಲು ಓದಲಿ.

ಅಗತ್ತಿಗೆ ಹೋಗುವವರು ಖಂಡಿತ ಹೋಗಿ. ಸ್ನಾನ ಒಂದು ಬಕೆಟ್‌ನಲ್ಲಿ ಮುಗಿಸಿ, ಒಯ್ದ ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ. ಹೋಗದವರಲ್ಲಿಯೂ, ಮುಖ್ಯವಾಗಿ ನಮ್ಮ ಕಡೆಯ ಅಪಾರ್ಟ್‌ಮೆಂಟ್ ಸಂಘದವರಲ್ಲಿ, ಒಂದು ಕೋರಿಕೆ: ನಿಮ್ಮ ಬೋರ್‌ವೆಲ್‌ನ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಸಿ, ಲಿಫ್ಟಿನ ಪಕ್ಕ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ಕಾಂಪೌಂಡಿನ ಆಚೆಯ ಹಳ್ಳಿಯವರಿಗೂ ಆ ಲೆಕ್ಕ ಕೊಡಿ, ಅವರ ಬಾವಿಯ ಲೆಕ್ಕವನ್ನೂ ಕೇಳಿ.