ಗೋದಲಿಗೂ ಒಂದು ಗೋಡೆ

ಕಾಯುವುದು ದೊಡ್ಡ ಗುಣ ಅಂತ ಧರ್ಮಗಳೆಲ್ಲ ಹೇಳುತ್ತವೆ. ಆದರೆ ಯಾರು ಕಾಯಬೇಕು? ಎಲ್ಲೀತನಕ ಕಾಯಬೇಕು? ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಕ್ರೈಸ್ತರು ಆಗಮನ ಕಾಲ ಎಂದು ಕರೆದು, ಬರುವವನಿಗಾಗಿ ಕಾಯುತ್ತಾರೆ. ಈ ದೇಶದ ದಲಿತ ಕ್ರೈಸ್ತ ಮಾತ್ರ ವರ್ಷದ ಅಷ್ಟೂ ಭಾನುವಾರ ಕಾದವನು.

ಕತೆ ಎಲ್ಲರಿಗೂ ಗೊತ್ತು. ಛತ್ರದಲ್ಲಿ ಜಾಗ ಇರಲಿಲ್ಲ. ತಾಯಿ ಕೂಸನ್ನು ದನ ಮೇಯುವ ಗೋದಲಿಯಲ್ಲಿ ಮಲಗಿಸಿದಳು. ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ಹೆರುವ ಮೊದಲೇ ಮರಿಯಳು ಹಾಡಿದ್ದಾಳೆ ಎನ್ನುತ್ತದೆ ಲೂಕನ ಸುವಾರ್ತೆ. ಅದು ಜೋಗುಳವಲ್ಲ. ಗದ್ದುಗೆಯವರು ಕೆಳಗುರುಳುವ, ಹಸಿದವರು ಉಣ್ಣುವ, ಉಳ್ಳವರು ಬರಿಗೈಲಿ ಹೋಗುವ ಹಾಡು. ಇದು ಬಂಡಾಯ ಅಲ್ಲದೆ ಮತ್ತೇನು?

ಆಮೇಲೇನಾಯ್ತು? 313ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಈ ಧರ್ಮಕ್ಕೆ ಮಾನ್ಯತೆ ಕೊಟ್ಟ. ಡಿಸೆಂಬರ್ 25ರ ಹಬ್ಬದ ಹಳೆಯ ದಾಖಲೆ ಸಿಗುವುದೂ ಅದರ ಬೆನ್ನಿಗೇ, 336ರ ರೋಮಿನಲ್ಲಿ. ಗೋದಲಿಯ ಕೂಸು ಅರಮನೆಯ ಅತಿಥಿಯಾಯಿತು.

ದೊರೆಗಳ ಪಕ್ಕ ಕೂರುವುದನ್ನು ಕಲಿತ ಚರ್ಚು ಯುರೋಪಿನಿಂದ ನಮ್ಮ ದೇಶಕ್ಕೆ ಬಂದಾಗ ಜಾತಿಯ ಪಕ್ಕವೂ ಕೂತಿತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ಡಿ ನೊಬಿಲಿ ಸನ್ಯಾಸಿಯಂತೆ ಕಾವಿ ಉಟ್ಟು ಮಡಿ-ಮೈಲಿಗೆ ಪಾಲಿಸಿದ. ಕ್ರೈಸ್ತರಾದ ಬ್ರಾಹ್ಮಣರು ಜನಿವಾರ, ಜುಟ್ಟು ಇಟ್ಟುಕೊಳ್ಳಬಹುದೆಂದು 1623ರಲ್ಲಿ ಪೋಪರೇ ಒಪ್ಪಿದರು. ತಮಿಳು ನಾಡಿನ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎದ್ದ ಚರ್ಚು ಪ್ಯಾಂಟಿನ ಎರಡು ಕಾಲಿನ ಹಾಗಿತ್ತು: ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ಕೀಳೆನಿಸಿಕೊಂಡ ನಾಡಾರರು. ಬಲಿಪೀಠ ಒಂದೇ, ನಡುವೆ ಗೋಡೆ. 1910ರಲ್ಲಿ ಅದನ್ನು ಕೆಡವಿದಾಗ ವೆಳ್ಳಾಳರು ಕೋರ್ಟಿಗೆ ಹೋಗಿ ಸೋತರು. ಸತ್ತವರ ನಡುವೆಯೂ ಗೋಡೆ ಎಬ್ಬಿಸಿದ್ದುಂಟು, ತಿರುಚಿರಾಪಳ್ಳಿಯ ಮೇಲಪುದೂರಿನ ಸ್ಮಶಾನದಲ್ಲಿ.

ಎದುರು ದನಿ ಇರಲಿಲ್ಲವೆಂದಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿ ಕೂಡದೆಂದು ಆಜ್ಞೆ ಮಾಡಿದ. ತಂಜಾವೂರಿನ ಎಷ್ಟೋ ಮೇಲ್ಜಾತಿ ಕ್ರೈಸ್ತರು ಆ ಚರ್ಚನ್ನೇ ಬಿಟ್ಟರು. ಚರ್ಚು ಬಿಟ್ಟಾರು, ಜಾತಿ ಬಿಟ್ಟಾರೆಯೇ?

ಸರ್ಕಾರದ್ದು ಇನ್ನೊಂದು ವರಸೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಗೆ ಧರ್ಮದ ಷರತ್ತು ಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಷರತ್ತನ್ನೇ ತೆಗೆಯಿರಿ ಎಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಹೇಳಿದರೂ ಕ್ರೈಸ್ತ ದಲಿತ ಹೊರಗೇ ಉಳಿದ. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ ಅನ್ನುತ್ತದೆ ಕಾನೂನು. ಬೇರೆ ಗುಂಡಿ ತೋರಿಸುತ್ತದೆ ಸ್ಮಶಾನ.

ಜಾಗ ಹಿಡಿದು ಕೂತವನು ಜಾಗ ಇಲ್ಲದವನಿಗೆ ತಾಳ್ಮೆ ಇರಲಿ ಅನ್ನುವುದು ಉಪದೇಶವಲ್ಲ, ಉಪಾಯ. ಕಾಯುವುದಕ್ಕೆ ನೀತಿಯ ಬೆಲೆ ಬರುವುದು ಕೂತವನು ಸರಿದು ಕೂತಾಗ. ಅದಕ್ಕೇ ಆಗಮನ ಕಾಲದಲ್ಲಿ ಮೇಣದಬತ್ತಿ ಹಚ್ಚುವ ಕೈಗಳು ಹಾರೆಯನ್ನೂ ಹಿಡಿಯಲಿ. ಗೋಡೆ ನಿಂತಿರುವ ತನಕ, ಛತ್ರದಲ್ಲಿ ಜಾಗ ಇಲ್ಲ ಅಂದವರು ಯಾರು ಅಂತ ಬೆತ್ಲೆಹೇಮಿನಲ್ಲಿ ಹುಡುಕಬೇಕಾಗಿಲ್ಲ.