ಹಗ್ಗದ ಬೆಲೆ ಬಲ್ಲವನು

ಜಾಹೀರಾತು ಬರೆದವಳು ನಾನೇ. ವರ್ಷಕ್ಕೆ ೯ರಿಂದ ೨೨ ಲಕ್ಷ, ಅನುಭವ ಮೂರರಿಂದ ಆರು ವರ್ಷ, ಸ್ಥಳ ಬೆಂಗಳೂರು. ಒಂದೇ ಕೆಲಸಕ್ಕೆ ಹದಿಮೂರು ಲಕ್ಷದ ಅಂತರ ಹೇಗೆ ಎಂದು ಯಾರಾದರೂ ಕೇಳಿದರೆ, ಎರಡು ದರ್ಜೆಯ ಹುದ್ದೆಗಳನ್ನು ಒಂದೇ ಜಾಹೀರಾತಿನಲ್ಲಿ ಸೇರಿಸಿದ್ದೇವೆ ಎನ್ನುತ್ತೇವೆ. ಅದು ಸುಳ್ಳಲ್ಲ. ಆದರೆ ಎಚ್‌ಆರ್‌ನವರು ನಮ್ಮನಮ್ಮಲ್ಲಿ ಆಡಿಕೊಳ್ಳುವ ಕಾರಣ ಬೇರೆ: ೨೨ ಇರುವುದು ಅವರು ಅರ್ಜಿ ಹಾಕಲೆಂದು, ೯ ಇರುವುದು ನಾವು ಕೊಡಲೆಂದು. ಬಜೆಟ್ಟಿನ ಹಾಳೆಯಲ್ಲಿ ಇದ್ದದ್ದು ೧೬.

ಆಯ್ಕೆಯಾದ ಹುಡುಗಿ ಲಿಂಗಸುಗೂರು ತಾಲ್ಲೂಕಿನವಳು. ಆಗ ಅವಳಿಗೆ ಬರುತ್ತಿದ್ದದ್ದು ೫.೬ ಲಕ್ಷ, ಪೇ ಸ್ಲಿಪ್ ತರಿಸಿಕೊಂಡು ನೋಡಿದ್ದೆ. ಎಷ್ಟು ನಿರೀಕ್ಷೆ ಎಂದು ಫೋನಿನಲ್ಲಿ ಕೇಳಿದಾಗ, ಅಷ್ಟೊತ್ತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಕನ್ನಡಕ್ಕೆ ಇಳಿದಳು. "ನಿಮಗ ತಿಳಿದಷ್ಟು ಕೊಡ್ರಿ ಮೇಡಂ." ನನಗೆ ೧೬ ತಿಳಿದಿತ್ತು. ೯ ಎಂದೆ. ಅವಳ ಲೆಕ್ಕದಲ್ಲಿ ಅದು ನೂರಕ್ಕೆ ಅರವತ್ತು ಏರಿಕೆ. ಖುಷಿಗೆ ದನಿ ಒಡೆಯಿತು.

ಅದೇ ವಾರ ಇನ್ನೊಬ್ಬ ಹುಡುಗ, ಬೇರೆ ಕಂಪನಿಯ ಆಫರ್ ಕೈಯಲ್ಲಿಟ್ಟುಕೊಂಡು, ೧೯ ಕೇಳಿ ೧೭ಕ್ಕೆ ಒಪ್ಪಿಕೊಂಡ. ಒಂದೇ ತಂಡ, ಒಂದೇ ಕೆಲಸ, ಅಕ್ಕಪಕ್ಕದ ಕುರ್ಚಿ. ಪರೀಕ್ಷೆಯಲ್ಲಿ ಅವಳದೇ ಎರಡು ಅಂಕ ಹೆಚ್ಚು. ಎರಡೂ ಆಫರ್ ಲೆಟರಿಗೆ ಸಹಿ ನನ್ನದು.

ಹುಡುಗಿ ಫೋನಿನಲ್ಲಿ ಆಡಿದ ಆ ಮಾತು ನನಗೆ ಹೊಸದಲ್ಲ. ನಮ್ಮಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ. ನೂಲು ಸಾಹುಕಾರರದು, ಮಗ್ಗ ಮನೆಯದು, ಮಜೂರಿ ನೇಯ್ದಷ್ಟಕ್ಕೆ. ದೀಪಾವಳಿಯ ಮುಂದೆ ಮಜೂರಿ ಏರಿಸುವ ಮಾತು ಬಂದರೆ ಅಪ್ಪ ತಲೆ ಕೆರೆದುಕೊಂಡು ಅನ್ನುತ್ತಿದ್ದದ್ದು ಇದನ್ನೇ: ನಿಮಗ ತಿಳಿದಷ್ಟು ಕೊಡ್ರಿ. ಒಳಗೆ ಅವ್ವ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಅಪ್ಪನಿಗೆ ಅದು ಸಂಕೋಚವಲ್ಲ, ಧರ್ಮ. ಬಾಯಿಬಿಟ್ಟು ಕೇಳಿದರೆ ಕಾಯಕ ಹೋಗಿ ವ್ಯಾಪಾರವಾಗುತ್ತದೆ ಎಂಬ ನಂಬಿಕೆ. ಅವ್ವ ಮತ್ತೂ ಕಾಡಿದರೆ ಆಯ್ದಕ್ಕಿ ಲಕ್ಕಮ್ಮನ ಕತೆ ತೆಗೆಯುತ್ತಿದ್ದ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ ಮಾರಯ್ಯ, ಲಕ್ಕಮ್ಮ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ತಂದ. ಇಷ್ಟೊಂದು ಯಾಕೆ, ಆಸೆ ಹುಟ್ಟಿತೇ ಎಂದು ಹೆಂಡತಿ ಗದರಿಸಿದಳು. ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಕಳಿಸಿದಳು. ಇಂಥ ಹೆಂಡತಿ ಮಾರಯ್ಯನಿಗೆ ಸಿಕ್ಕಳು, ನನಗೆ ನೀನು ಸಿಕ್ಕೆ ಎಂಬಲ್ಲಿಗೆ ಅಪ್ಪನ ಪ್ರವಚನ ಮುಗಿಯುತ್ತಿತ್ತು.

ಈ ಕತೆಯನ್ನು ಇಪ್ಪತ್ತು ವರ್ಷ ನಾನೂ ಪೂರ್ತಿ ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಅದನ್ನು ಯಾರಿಗೆ ಹೇಳಲಾಗುತ್ತದೆ ಎಂಬುದನ್ನು ಗಮನಿಸಲು ನಾನು ಮೇಜಿನ ಈ ಬದಿಗೆ ಬರಬೇಕಾಯಿತು. ಅಕ್ಕಿ ಆಯುವವರಿಗೇ ಹೇಳುತ್ತಾರೆ. ಸಾಹುಕಾರರ ಪಡಸಾಲೆಯಲ್ಲಿ, ಲಾಭದ ಪುಸ್ತಕ ಬಿಚ್ಚಿದ ಹೊತ್ತಿನಲ್ಲಿ, ಇದು ಹೆಚ್ಚಾಯಿತು, ಚೆಲ್ಲಿ ಬನ್ನಿ ಎಂದ ಲಕ್ಕಮ್ಮನನ್ನು ನಾನು ಕಂಡಿಲ್ಲ. ಫಲದ ಆಸೆ ಬಿಡು ಎಂಬ ಗೀತೆಯ ಮಾತೂ ಹಾಗೆಯೇ, ಹಣ್ಣಿನ ಬುಟ್ಟಿ ಹಿಡಿದವರ ಬಾಯಲ್ಲೇ ಹೆಚ್ಚು ಕೇಳಿಸುತ್ತದೆ.

ನುಲಿಯ ಚಂದಯ್ಯನ ಕತೆ ಅಪ್ಪ ಹೇಳಿದ್ದು ಕಡಿಮೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವ ಶರಣ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿತು, ಚಂದಯ್ಯ ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಬೆನ್ನುಹತ್ತಿ ಬಂದು ಅವನ ಕಾಯಕಕ್ಕೆ ನಿಂತಿತು. ಹಗ್ಗ ಒಯ್ದು ಬಸವಣ್ಣನಿಗೆ ಮಾರಿ ಸಾವಿರ ಹೊನ್ನು ತಂದಿತು. ಚಂದಯ್ಯ ಸಿಟ್ಟಾದ. ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚಿನದು ತನಗೆ ಬೇಡವೆಂದ.

ನನ್ನನ್ನು ಹಿಡಿದದ್ದು ಆ ತಕ್ಕ ಬೆಲೆ. ಹಗ್ಗ ಎಷ್ಟಕ್ಕೆ ಹೋಗುತ್ತದೆ ಎಂದು ಚಂದಯ್ಯನಿಗೆ ಗೊತ್ತಿತ್ತು. ಮನೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಕೆಂದು ಲಕ್ಕಮ್ಮನಿಗೆ ಗೊತ್ತಿತ್ತು. ಅಳತೆ ಗೊತ್ತಿದ್ದುದರಿಂದಲೇ ಹೆಚ್ಚಿನದು ಯಾವುದೆಂದು ಕಂಡಿತು, ಬೇಡವೆನ್ನಲು ಬಂತು. ತೃಪ್ತಿಗೆ ಲೆಕ್ಕ ಬೇಕು. ಬೆಲೆಯೇ ಗೊತ್ತಿಲ್ಲದವರು ಬಿಟ್ಟುಕೊಟ್ಟದ್ದನ್ನು ತ್ಯಾಗ ಎನ್ನುವುದು ಹೇಗೆ? ೧೬ ಇದೆ ಎಂದು ತಿಳಿದೂ ನನಗೆ ೯ ಸಾಕು ಎಂದಿದ್ದರೆ ಆ ಹುಡುಗಿ ಶರಣೆ. ತಿಳಿಯದೆ ೯ಕ್ಕೆ ಹಿಗ್ಗಿದಳು. ಆ ಹಿಗ್ಗನ್ನು ಅಗ್ಗದಲ್ಲಿ ಕೊಂಡವಳು ನಾನು.

"ಕೇಳದವರಿಗೆ ಕೊಡೋಕೆ ಇದೇನು ಮಠಾನಾ?" ಎಂದು ಸಹೋದ್ಯೋಗಿ ನಕ್ಕ. ಚೌಕಾಸಿ ಇಬ್ಬರಿಗೂ ತೆರೆದ ಆಟ, ೨೨ ಎಂದು ಅಚ್ಚಾಗಿತ್ತಲ್ಲ, ಓದಲಿಲ್ಲವೇ ಎಂದ. ಚೌಕಾಸಿ ನನಗೂ ಗೊತ್ತು. ಸಣ್ಣವಳಿದ್ದಾಗ ಅಜ್ಜನ ಜೊತೆ ಬನಶಂಕರಿ ಜಾತ್ರೆಯ ದನದ ಪೇಟೆಗೆ ಹೋಗುತ್ತಿದ್ದೆ. ಟವೆಲ್ಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಮಾರುವವನ ಬೆರಳು ಹಿಡಿಯುತ್ತದೆ; ಮುಖ ಕಲ್ಲಾಗಿರುತ್ತದೆ, ದರ ಬೆರಳಲ್ಲಿ ಏರಿಳಿಯುತ್ತದೆ. ಅಲ್ಲಿಯೂ ಗುಟ್ಟು ಇದೆ. ಆದರೆ ಹೋರಿ ಬಿಸಿಲಲ್ಲಿ ನಿಂತಿರುತ್ತದೆ, ಹಲ್ಲು ಎಣಿಸಬಹುದು, ಹಿಂದಿನ ಜೋಡಿ ಎಷ್ಟಕ್ಕೆ ಹೋಯಿತೆಂದು ಪೇಟೆಗೆಲ್ಲ ಗೊತ್ತು. ಟವೆಲ್ಲಿನೊಳಗೆ ಎರಡು ಕೈ ಇರುತ್ತವೆ. ನಮ್ಮ ಫೋನಿನಲ್ಲಿ ಅವಳ ಪೇ ಸ್ಲಿಪ್ ನನ್ನೆದುರಿಗಿತ್ತು, ನನ್ನ ಬಜೆಟ್ ಹಾಳೆ ಅವಳೆದುರಿಗಿರಲಿಲ್ಲ.

ಶರಣರನ್ನು ಬಿಡಿ, ಕೌಟಿಲ್ಯನನ್ನೇ ನೋಡಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು ೧೯೦೯ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಸಂಬಳದ ಪಟ್ಟಿಯೇ ಇದೆ. ಮಂತ್ರಿ, ಪುರೋಹಿತರಿಗೆ ೪೮,೦೦೦ ಪಣ, ತೀರಾ ಕೆಳಗಿನ ಆಳಿಗೆ ೬೦. ಎಂಟುನೂರು ಪಟ್ಟು ಅಂತರ; ಅದನ್ನು ಹೊಗಳಲಾರೆ. ಆದರೆ ಯಾರಿಗೆಷ್ಟು ಎಂದು ಬರೆದಿಟ್ಟ. ಕೂಲಿ ಮಾತಾಡಿಕೊಳ್ಳದೆ ದುಡಿದವನಿಗೂ ಪಾಲು ಗೊತ್ತುಮಾಡಿದ: ಬೇಸಾಯದವನಿಗೆ ಬೆಳೆಯ ಹತ್ತನೆಯ ಒಂದು, ದನ ಕಾಯುವವನಿಗೆ ತುಪ್ಪದ ಹತ್ತನೆಯ ಒಂದು. ಬಾಯಿ ಬಾರದವನ ಮೌನ ಯಜಮಾನನ ಆಸ್ತಿಯಾಗಬಾರದೆಂದು ಆ ಕಟುಕ ಲೆಕ್ಕಿಗನಿಗೂ ಅನಿಸಿರಬೇಕು.

ಕಂಪನಿಯ ಅನ್ನ ತಿಂದು ಕಂಪನಿಯ ಅಂಕಿ ಹೊರಗೆ ಹೇಳುವುದು ಯಾವ ಧರ್ಮ ಎಂದು ಕೇಳಿದರೆ ನನ್ನಲ್ಲಿ ಉತ್ತರ ಪೂರ್ತಿ ಇಲ್ಲ. ಈಗ ಯಾರಾದರೂ ನಿಮಗ ತಿಳಿದಷ್ಟು ಎಂದರೆ, ಜಾಹೀರಾತು ಇನ್ನೊಮ್ಮೆ ಓದಿ ನಾಳೆ ಫೋನ್ ಮಾಡಿ ಎನ್ನುತ್ತೇನೆ. ಕೆಲವರು ಓದಿ ೧೫ ಕೇಳುತ್ತಾರೆ. ಕೆಲವರು ಕೆಲಸ ಕೈತಪ್ಪೀತೆಂದು ಹೆದರಿ ಅದೇ ಸಂಜೆ ಫೋನ್ ಮಾಡಿ ೯ಕ್ಕೇ ಒಪ್ಪಿಗೆ ಎನ್ನುತ್ತಾರೆ.

ಆ ಹುಡುಗಿಯ ಮಟ್ಟಿಗೆ ಅಪ್ರೈಸಲ್‌ನಲ್ಲಿ ಸರಿಪಡಿಸಲು ಹೋದೆ. ಜಗಳವಾಡಿ ಅವಳಿಗೆ ನೂರಕ್ಕೆ ೧೮ ಕೊಡಿಸಿದೆ, ಅವನಿಗೆ ೧೨. ಅವಳದು ೧೦.೬೨ ಲಕ್ಷವಾಯಿತು, ಅವನದು ೧೯.೦೪. ರಾತ್ರಿ ಕೂಡಿಸಿ ಕಳೆದು ನೋಡಿದರೆ ೮ ಲಕ್ಷವಿದ್ದ ಅಂತರ ೮.೪೨ಕ್ಕೆ ಏರಿತ್ತು.

ಮರುವಾರ ಅವಳು ಊರಿನಿಂದ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಳು. "ತಂಡದಾಗ ನನಗೇ ಹೆಚ್ಚು ಪರ್ಸೆಂಟ್ ಅಂತಲ್ರಿ ಮೇಡಂ" ಎಂದು ನನ್ನ ತಟ್ಟೆಗೆ ಎರಡು ಹಾಕಿದಳು. ಆಮೇಲೆ ಪಕ್ಕದ ಕುರ್ಚಿಯ ಹುಡುಗನ ಕಡೆ ತಿರುಗಿ, ಅವನು ಸಾಕೆನ್ನುವವರೆಗೂ ಬಡಿಸಿದಳು.