ವಿದ್ವತ್ತು ಮತ್ತು ವೃತ್ತಿ

ವಿದ್ಯೆಗೆ ಎರಡು ಫಲಗಳುಂಟು. ಒಂದು ಬುದ್ಧಿಯ ಸಂಸ್ಕಾರ, ಇನ್ನೊಂದು ಜೀವನೋಪಾಯ. ಕೆಳಗಿನ ತರಗತಿಗಳಲ್ಲಿ ಇವೆರಡೂ ಜೊತೆಜೊತೆಯಾಗಿ ಸಾಗುತ್ತವೆ. ಓದಿದಷ್ಟೂ ಕೆಲಸದ ದಾರಿ ಅಗಲವಾಗುತ್ತದೆ. ಆದರೆ ವಿದ್ಯೆಯ ಕೊನೆಯ ಮೆಟ್ಟಿಲೆನಿಸಿದ ಪಿಎಚ್.ಡಿ.ಯನ್ನು ಏರಿದವನಿಗೆ ಆ ದಾರಿ ಒಮ್ಮೆಲೇ ಕಿರಿದಾದಂತೆ ತೋರುತ್ತದೆ. ಹೆಸರಿನ ಹಿಂದೆ ‘ಡಾಕ್ಟರ್’ ಎಂಬ ಗೌರವವಿದೆ, ವಯಸ್ಸು ಮೂವತ್ತು ದಾಟಿದೆ, ಆದರೂ ಊರಿಗೆ ಹೋದಾಗ ಹಿರಿಯರು ಕೇಳುವುದು ಒಂದೇ ಮಾತು: “ಏನಪ್ಪಾ, ನೌಕರಿ ಆಯಿತೆ?” ಹಾಗಾದರೆ ಅಷ್ಟು ವರ್ಷಗಳ ಅಧ್ಯಯನ ವ್ಯರ್ಥವಾಯಿತೆ? ಪೀಠ ದೊರೆಯದ ವಿದ್ವಾಂಸನು ಸೋತವನೆ? ವಾಚಕ ಬಂಧುಗಳು ಈ ಪ್ರಶ್ನೆಯನ್ನು ನೀತಿಯ ದೃಷ್ಟಿಯಿಂದಲೂ ವಿಚಾರಿಸಬೇಕು.

ಮೊದಲು ಸರಳವಾದ ಒಂದು ಲೆಕ್ಕವನ್ನು ನೋಡಿರಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8 ಮಂದಿ, ಸಹ ಪ್ರಾಧ್ಯಾಪಕರು 6 ಮಂದಿ, ಸಹಾಯಕ ಪ್ರಾಧ್ಯಾಪಕರು 4 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಒಬ್ಬ ಗುರುವು ತಮ್ಮ ಸೇವಾವಧಿಯಲ್ಲಿ ಹತ್ತಾರು ಡಾಕ್ಟರೇಟ್‌ಗಳನ್ನು ರೂಪಿಸುತ್ತಾರೆ. ನಿವೃತ್ತರಾಗುವಾಗ ಬಿಟ್ಟುಹೋಗುವುದು ಒಂದೇ ಕುರ್ಚಿಯನ್ನು. ಅದೂ ಎಷ್ಟೋ ವರ್ಷ ಬರಿದಾಗಿಯೇ ಉಳಿಯುವುದುಂಟು. ಇದರ ಮೇಲೆ ನಿಯಮಗಳ ಏರುಪೇರು ಬೇರೆ. 2018ರ ನಿಯಮಾವಳಿಯು ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯವೆಂದಿತು. ಅದನ್ನು ಎರಡು ವರ್ಷ ಮುಂದೂಡಿ, 2023ರ ಜುಲೈಯಲ್ಲಿ ನೆಟ್ ಅಥವಾ ಸೆಟ್ ಪರೀಕ್ಷೆಯೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಬದಲಾಯಿಸಲಾಯಿತು. ಹಳೆಯ ಮಾತನ್ನು ನಂಬಿ ಸಂಶೋಧನೆಗೆ ಇಳಿದವರ ಗತಿ ಏನಾಗಿರಬೇಕೆಂಬುದನ್ನು ನೀವೇ ಊಹಿಸಬಲ್ಲಿರಿ.

ಆದುದರಿಂದ ಇಲ್ಲಿ ಮೊದಲ ಹೊಣೆ ಮಾರ್ಗದರ್ಶಕರದು. ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ದಿನವೇ ಈ ಲೆಕ್ಕವನ್ನು ಆತನ ಮುಂದಿಡುವುದು ಗುರುಧರ್ಮ. ಸತ್ಯಶೋಧನೆಯನ್ನು ಕಲಿಸುವ ಸಂಬಂಧವು ಸತ್ಯವನ್ನು ಮುಚ್ಚಿಟ್ಟು ಆರಂಭವಾಗಬಾರದು. ಬಹುಮಂದಿ ತಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ತುಳಿದವರು. ಅವರಿಗೆ ದಾರಿಯ ಏರುತಗ್ಗುಗಳನ್ನು ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ.

ಎರಡನೆಯ ಹೊಣೆ ಸಂಶೋಧಕನದು. ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಶಿಷ್ಯವೇತನ ಗೊತ್ತಾಗಿದೆ. ಐದು ವರ್ಷಕ್ಕೆ ಕೂಡಿಸಿದರೆ 24 ಲಕ್ಷ. ಇದು ತೆರಿಗೆ ತೆತ್ತ ಜನರ ಹಣ. ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಇಂಥ ಋಣದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಋಣವು ಪ್ರಾಧ್ಯಾಪಕನಾದರೆ ಮಾತ್ರ ತೀರುತ್ತದೆಯೆ?

ನಮ್ಮ ನಾಡಿನ ಇತಿಹಾಸ ಹಾಗೆ ಹೇಳುವುದಿಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಹಸ್ತಪ್ರತಿಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಬಂದದ್ದು ಬಹುಕಾಲದ ಮೇಲೆ. ಶಂ. ಬಾ. ಜೋಶಿಯವರು ಧಾರವಾಡದಲ್ಲಿ ಶಾಲಾಶಿಕ್ಷಕರಾಗಿದ್ದು ಕರ್ನಾಟಕ ಸಂಸ್ಕೃತಿಯ ಸಂಶೋಧನೆಯಲ್ಲಿ ಆಯುಷ್ಯ ಸವೆಸಿದರು. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಸಂದಿತು. ಪೀಠವಿಲ್ಲದೆಯೂ ವಿದ್ವತ್ತು ಬದುಕಬಲ್ಲುದೆಂಬುದಕ್ಕೆ ಇವರು ಸಾಕ್ಷಿ.

ಇಂದಂತೂ ವಿಶ್ವವಿದ್ಯಾನಿಲಯದ ಹೊರಗೆ ಕ್ಷೇತ್ರಗಳು ಹಲವು. ಮೈಸೂರೊಂದರಲ್ಲಿಯೇ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾಲಯವಿದೆ, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವಿದೆ, ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನಶಾಖೆಯಿದೆ. ಔಷಧ ಮತ್ತು ಬೀಜಗಳ ಕಂಪನಿಗಳು, ಪೇಟೆಂಟ್ ಪರಿಶೀಲನೆ, ನಿಘಂಟು ಮತ್ತು ಅನುವಾದ, ಗಣಕಯಂತ್ರಕ್ಕೆ ಕನ್ನಡವನ್ನು ಕಲಿಸುವ ಕಾರ್ಯ, ಇವೆಲ್ಲಕ್ಕೂ ಬೇಕಾದುದು ಪಿಎಚ್.ಡಿ. ಕಲಿಸುವ ಗುಣಗಳೇ: ಆಧಾರವಿಲ್ಲದೆ ಮಾತನಾಡದಿರುವುದು, ವಿರುದ್ಧವಾದ ಸಾಕ್ಷ್ಯವನ್ನು ಬಚ್ಚಿಡದಿರುವುದು, ಒಂದು ಪ್ರಶ್ನೆಯೊಡನೆ ವರ್ಷಗಟ್ಟಲೆ ತಾಳ್ಮೆಯಿಂದ ಕೂಡುವುದು. ಈ ಗುಣಗಳನ್ನು ಬ್ಯಾಂಕಿಗೋ ಕಚೇರಿಗೋ ಕೊಂಡೊಯ್ದವನು ವಿದ್ಯೆಯನ್ನು ಬಿಟ್ಟವನಲ್ಲ. ಆದರೆ ಈ ಬಾಗಿಲುಗಳು ತಾವಾಗಿ ತೆರೆಯವು. ಪ್ರಬಂಧ ಬರೆಯುವ ವರ್ಷಗಳಲ್ಲಿಯೇ ಇನ್ನೊಂದು ಭಾಷೆ, ಸಂಖ್ಯಾಶಾಸ್ತ್ರ, ಸಾಮಾನ್ಯರಿಗೆ ತಿಳಿಯುವಂತೆ ಬರೆಯುವ ಅಭ್ಯಾಸ ಇವುಗಳಲ್ಲಿ ಒಂದನ್ನಾದರೂ ಸಾಧಿಸಿಕೊಳ್ಳಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಸಮಾಜದ ಹೊಣೆ ತೀರಲಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷದ ಭರವಸೆಯಿಲ್ಲದೆ ದುಡಿಯುತ್ತಿದ್ದಾರೆ. ಹಳಕಟ್ಟಿಯವರ ತ್ಯಾಗವನ್ನು ಕೊಂಡಾಡುತ್ತ ಇವರ ಕಷ್ಟವನ್ನು ಕಡೆಗಣಿಸುವುದು ಅನ್ಯಾಯ. ತ್ಯಾಗವು ತಾನಾಗಿ ಆರಿಸಿಕೊಂಡಾಗ ಹಿರಿದು. ಇನ್ನೊಬ್ಬರ ಮೇಲೆ ಹೇರಿದಾಗ ಅದು ಶೋಷಣೆ. ಖಾಲಿ ಹುದ್ದೆಗಳನ್ನು ಕಾಲಕ್ಕೆ ಸರಿಯಾಗಿ ತುಂಬುವುದು ಉಪಕಾರವಲ್ಲ, ಕರ್ತವ್ಯ.

ಬಂಧುಗಳೇ, ನಿಮ್ಮಲ್ಲಿ ಅನೇಕರು ಇಂದು ಕಚೇರಿ, ಕಾರ್ಖಾನೆ, ಶಾಲಾ ಕಾಲೇಜುಗಳಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದೀರಿ. ನಿಮ್ಮ ಓಣಿಯಲ್ಲಿ ಪಿಎಚ್.ಡಿ. ಮುಗಿಸಿದ ಮಗನೋ ಮಗಳೋ ಇದ್ದರೆ, “ನೌಕರಿ ಆಯಿತೆ?” ಎಂಬುದಕ್ಕೆ ಮೊದಲು “ಏನನ್ನು ಕಂಡುಹಿಡಿದೆ?” ಎಂದು ಕೇಳಿರಿ, ಉತ್ತರವನ್ನು ಕುಳಿತು ಆಲಿಸಿರಿ. ಬಳಿಕ, ನಿಮಗೆ ತಿಳಿದ ಒಂದು ಬಾಗಿಲನ್ನಾದರೂ ತೋರಿಸಿರಿ.